ತಿಳಿಯದೆ ಒಳಸೇರಿದ ಗೋಧಿ

ಓದುಗರ ಪ್ರಶ್ನೆ, ಆಹಾರ ತಜ್ಞೆಯ ಉತ್ತರ

ಪ್ರಶ್ನೆ: ಅಕ್ಕ, ನಮಸ್ಕಾರ. ನನಗೆ 34 ವರ್ಷ, ಶಾಲಾ ಶಿಕ್ಷಕಿ. ಏಳು ತಿಂಗಳ ಹಿಂದೆ ರಕ್ತ ಪರೀಕ್ಷೆ, ಎಂಡೊಸ್ಕೋಪಿ ಎರಡೂ ಆಗಿ, ಗೋಧಿಯಂಥ ಧಾನ್ಯ ತಿಂದರೆ ಸಣ್ಣಕರುಳು ಕೆಡುವ ಸೀಲಿಯಾಕ್ ಕಾಯಿಲೆ ಎಂದು ಖಚಿತವಾಯಿತು. ಅಂದಿನಿಂದ ಗೋಧಿ, ಬಾರ್ಲಿ, ರೈ ಯಾವುದನ್ನೂ ಮುಟ್ಟಿಲ್ಲ. ವರ್ಷಗಟ್ಟಲೆ ಕಾಡಿದ ಭೇದಿ ನಿಂತಿತು, ನಾಲ್ಕು ಕಿಲೋ ತೂಕ ಬಂತು. ಕಳೆದ ತಿಂಗಳು ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಗೋಧಿ ನನಗೆ ಆಗದು ಎಂದು ಮೊದಲೇ ಫೋನ್ ಮಾಡಿ ತಿಳಿಸಿದ್ದೆ. ಅವರು ಪ್ರೀತಿಯಿಂದ ನನಗಾಗಿಯೇ ಬೇರೆ ಅಡುಗೆ ಮಾಡಿದ್ದರು. ಎರಡು ಬಟ್ಟಲು ಸೂಪ್ ಕುಡಿದೆ. ಮನೆಗೆ ಬಂದು ಒಂದು ಗಂಟೆಯಾಗುವಷ್ಟರಲ್ಲಿ ಹೊಟ್ಟೆ ತೊಳಸಿ ವಾಂತಿಯಾಯಿತು. ರಾತ್ರಿಯಿಡೀ ಭೇದಿ. ಮರುದಿನ ಕೇಳಿದರೆ ಅವರು, "ಗೋಧಿ ಹಾಕಲೇ ಇಲ್ಲ, ಗಟ್ಟಿಯಾಗಲಿ ಎಂದು ಎರಡು ಚಮಚ ಮೈದಾ ಕದಡಿದ್ದೆ ಅಷ್ಟೇ" ಎಂದರು.

ಕರುಳು ಶುದ್ಧವಾಗಲಿ ಎಂದು ಮೂರು ದಿನ ಬರೀ ನೀರು ಕುಡಿದು ಉಪವಾಸ ಮಾಡಿದೆ. ತಲೆಯಲ್ಲಿ ಮಂಜು ಕವಿದಂತಾಗಿ ಒಂದು ವಾರ ಪಾಠ ಮಾಡುವುದೇ ಕಷ್ಟವಾಯಿತು. ಈಗ ಯಾರ ಮನೆಯಲ್ಲೂ ಊಟ ಮಾಡುವುದಿಲ್ಲ, ಶಾಲೆಯಲ್ಲಿ ಎಲ್ಲರೂ ಕೂತು ಉಣ್ಣುವಾಗ ನಾನು ಖಾಲಿ ತರಗತಿಯಲ್ಲಿ ಒಬ್ಬಳೇ ಉಣ್ಣುತ್ತೇನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ ಏಳು ತಿಂಗಳ ಶ್ರಮವೆಲ್ಲ ಹೋಯಿತೇ? ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕೇ? ಇಂಥ ಹೊತ್ತಿಗೆ ನುಂಗುವ ಮಾತ್ರೆ ಏನಾದರೂ ಇದೆಯೇ? ನನ್ನ ಚಿಕ್ಕಪ್ಪನ ಮಗನಿಗೂ ಇದೇ ಕಾಯಿಲೆ. ಅವನು ಗೊತ್ತಿಲ್ಲದೆ ಬ್ರೆಡ್ ತಿಂದಾಗಲೂ ಏನೂ ಆಗಲಿಲ್ಲವಂತೆ. ನನಗೇ ಯಾಕೆ ಹೀಗೆ?

ಉತ್ತರ: ತಂಗಿ, ನಿಮ್ಮ ಪತ್ರ ಓದುವಾಗ ಹದಿನಾಲ್ಕು ವರ್ಷ ಹಿಂದಿನ ನನ್ನದೇ ಒಂದು ರಾತ್ರಿ ಕಣ್ಣೆದುರು ಬಂತು. ನನಗೂ ಸೀಲಿಯಾಕ್ ಇದೆ. ಕಾಯಿಲೆ ಗೊತ್ತಾದ ನಾಲ್ಕನೆಯ ತಿಂಗಳು ಬಚ್ಚಲುಮನೆಯ ನೆಲದ ಮೇಲೆ ಕುಳಿತು, ಗೋಡೆಗೆ ತಲೆ ಆನಿಸಿ, ನನ್ನ ಕೈಯಾರೆ ನಾನೇ ನನ್ನನ್ನು ಹಾಳು ಮಾಡಿಕೊಂಡೆ ಎಂದು ಅತ್ತಿದ್ದೆ. ಆದ್ದರಿಂದ ಮೊದಲು ನಿಮ್ಮ ಗಾದೆಗೇ ಉತ್ತರ ಹೇಳುತ್ತೇನೆ. ಕರುಳು ಮಡಕೆಯಲ್ಲ. ದೊಣ್ಣೆ ಬಿದ್ದ ಮಡಕೆ ಕೂಡಿಕೊಳ್ಳುವುದಿಲ್ಲ, ಕರುಳು ಕೂಡಿಕೊಳ್ಳುತ್ತದೆ.

ಸಣ್ಣಕರುಳಿನ ಒಳಮೈಯಲ್ಲಿ ವಿಲ್ಲೈ ಎಂಬ ಬೆರಳಿನಂಥ ಕಿರುಚಾಚುಗಳು ಒತ್ತೊತ್ತಾಗಿ ಇರುತ್ತವೆ. ಅದನ್ನು ಒಂದು ಹುಲ್ಲುಗಾವಲು ಎಂದುಕೊಳ್ಳಿ. ಅದರ ಮೇಲುಪದರದ ಜೀವಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಒಂದು ದಿನ ದನ ನುಗ್ಗಿ ಮೇಯ್ದರೆ ಹುಲ್ಲು ಮತ್ತೆ ಚಿಗುರುತ್ತದೆ. ಬೇಲಿ ಮುರಿದಿರುವುದು ಗೊತ್ತಾಗದೆ ದಿನವೂ ದನ ಬಂದು ಮೇಯುತ್ತಿದ್ದರೆ ಮಾತ್ರ ನೆಲ ಬೋಳಾಗುತ್ತದೆ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಿಮ್ಮ ಹಾಗೆ ಒಂದು ಕೆಟ್ಟ ರಾತ್ರಿಗೆ ಹೆದರಿ ಕುಗ್ಗಿರುತ್ತಾರೆ. ಅವರ ಕರುಳನ್ನು ನಿಜವಾಗಿ ವಾಸಿಯಾಗಲು ಬಿಡದೆ ಇರುವುದು ಬೇರೆಯೇ ಒಂದು ಸಣ್ಣ ದಿನನಿತ್ಯದ ಸೋರಿಕೆ. ಸರಿಯಾಗಿ ಪಥ್ಯ ಮಾಡುತ್ತಿದ್ದೇನೆ ಎಂದುಕೊಂಡಿದ್ದರೂ ತೊಂದರೆ ನಿಲ್ಲದವರಲ್ಲಿ ಮೊದಲು ಹುಡುಕಬೇಕಾದ ಕಾರಣವೇ ಅದು.

ಇದಕ್ಕೆ ಲೆಕ್ಕವೂ ಇದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಥ್ಯದಿಂದ ಚೇತರಿಸಿಕೊಂಡಿದ್ದ ವಯಸ್ಕ ಸೀಲಿಯಾಕ್ ರೋಗಿಗಳಿಗೆ 90 ದಿನ ಪ್ರತಿನಿತ್ಯ ಅತಿ ಸಣ್ಣ ಪ್ರಮಾಣದ ಗ್ಲುಟೆನ್, ಅಂದರೆ ಗೋಧಿ, ಬಾರ್ಲಿ, ರೈಗಳಲ್ಲಿರುವ, ನಮಗೆ ಆಗದ ಆ ಪ್ರೋಟೀನ್, ಕೊಟ್ಟು ನೋಡಿದರು. ದಿನಕ್ಕೆ 50 ಮಿಲಿಗ್ರಾಂ ತೆಗೆದುಕೊಂಡವರ ವಿಲ್ಲೈ ಮೂರು ತಿಂಗಳಲ್ಲಿ ಸವೆದಿದ್ದವು. ಗೋಧಿ ಬ್ರೆಡ್ಡಿನ ಒಂದು ಹೋಳಿನಲ್ಲಿ 2 ಗ್ರಾಂ ಅಥವಾ ಅದಕ್ಕೂ ಹೆಚ್ಚು ಗ್ಲುಟೆನ್ ಇರುತ್ತದೆ. 50 ಮಿಲಿಗ್ರಾಂ ಎಂದರೆ ಆ ಹೋಳಿನಿಂದ ಉದುರಿದ ಒಂದಿಷ್ಟು ಪುಡಿ. ಆ ಪುಡಿ ದಿನವೂ ಹೊಟ್ಟೆ ಸೇರಿದ್ದೇ ಅಲ್ಲಿ ಕೆಡುಕಾದದ್ದು. ನೀವು ಕುಡಿದ ಎರಡು ಬಟ್ಟಲಿನಲ್ಲಿ ಪ್ರಮಾಣ ಇದಕ್ಕಿಂತ ತುಂಬ ಹೆಚ್ಚಿತ್ತು, ನಿಮ್ಮ ಕರುಳು ಉರಿದೆದ್ದದ್ದೂ ನಿಜ. ಆದರೆ ಅದು ಒಂದು ಸಲದ್ದು. ಏಳು ತಿಂಗಳ ಚೇತರಿಕೆ ನಿಮ್ಮ ಬಳಿಯೇ ಇದೆ.

ಇದನ್ನು ಜಗತ್ತು ಕಲಿತದ್ದೂ ಹೀಗೆಯೇ. ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ 1950ರಲ್ಲಿ ತಮ್ಮ ಪ್ರಬಂಧವನ್ನು ಮಂಡಿಸುವವರೆಗೆ ಈ ಕಾಯಿಲೆಯ ಮೂಲ ಗೋಧಿ ಎಂದು ಯಾರೂ ಖಚಿತವಾಗಿ ತೋರಿಸಿರಲಿಲ್ಲ. ಗೋಧಿ ಕೊಟ್ಟಾಗ ಮಕ್ಕಳು ಸೊರಗುತ್ತಿದ್ದರು, ನಿಲ್ಲಿಸಿದಾಗ ಮತ್ತೆ ತುಂಬಿಕೊಳ್ಳುತ್ತಿದ್ದರು. ಆ "ಮತ್ತೆ" ಎಂಬ ಪದವನ್ನು ಗಮನಿಸಿ ಎಂದು ನಾನು ಹೊಸ ರೋಗಿಗಳಿಗೆಲ್ಲ ಹೇಳುತ್ತೇನೆ.

ಇನ್ನು ಆ ಮೂರು ದಿನದ ಉಪವಾಸ. ಇದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಮೈದಾ ಮಾಡಿದ ತಪ್ಪಿಗೆ ನಿಮ್ಮ ಹಸಿವನ್ನು ಶಿಕ್ಷಿಸಿದಿರಿ. ಗ್ಲುಟೆನ್ ಕರುಳಿಗೆ ಅಂಟಿ ಕೂರುವ ಕೊಳೆಯಲ್ಲ, ಉಪವಾಸದಿಂದ ತೊಳೆದುಹೋಗುವಂಥದ್ದೂ ಅಲ್ಲ. ಅದರ ಚೂರುಗಳು ಒಳಪದರವನ್ನು ದಾಟಿದಾಗ ನಿಮ್ಮದೇ ರೋಗನಿರೋಧಕ ಜೀವಕೋಶಗಳು ಶತ್ರು ಬಂದನೆಂದು ಎದ್ದು ನಿಲ್ಲುತ್ತವೆ. ಕೆಲವು ಗಂಟೆಗಳಲ್ಲೇ ರಕ್ತದಲ್ಲಿ ಉರಿಯೂತದ ಸಂಕೇತಗಳು ಏರುವುದನ್ನು ಅಳೆದು ನೋಡಿದ್ದಾರೆ. ವಾಂತಿ, ಹೊಟ್ಟೆ ತೊಳಸುವುದು ಆಗಿನದೇ. ಆ ಕೆರಳಿಕೆ ತಣಿಯಲು ಕಾಲ ಬೇಕು, ರಿಪೇರಿಗೆ ಆಹಾರ ಬೇಕು. ಸವೆದ ಜೀವಕೋಶಗಳನ್ನು ಮತ್ತೆ ಕಟ್ಟುವುದು ನೀವು ತಿಂದದ್ದರಿಂದಲೇ ಅಲ್ಲವೇ?

ಹಾಗಾದರೆ ಆ ರಾತ್ರಿ ಏನು ಮಾಡಬೇಕಿತ್ತು? ತಿಂದದ್ದನ್ನು ಬಲವಂತವಾಗಿ ವಾಂತಿ ಮಾಡಿಕೊಳ್ಳಬಾರದು. ನೀರು, ಲವಣ ಎರಡನ್ನೂ ಗುಟುಕು ಗುಟುಕಾಗಿ ಒಳಗೆ ಕಳುಹಿಸಬೇಕು. ಔಷಧದಂಗಡಿಯ ಓಆರ್‌ಎಸ್ ಪೊಟ್ಟಣ ಸಿಕ್ಕಿದರೆ ಒಳ್ಳೆಯದು; ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ತೊಂದರೆ. ಬರೀ ನೀರನ್ನೇ ಮೂರು ದಿನ ಕುಡಿದರೆ ಹೋದ ಲವಣ ತುಂಬುವುದಿಲ್ಲ. ನಿಮ್ಮ ಸುಸ್ತಿಗೆ, ತಲೆಯ ಮಂಜಿಗೆ ಅದೂ ಒಂದು ಪಾಲು ಸೇರಿಸಿರಬಹುದು. ವಾಂತಿ ನಿಂತ ಮೇಲೆ ಮೆತ್ತಗೆ ಬೇಯಿಸಿದ ಅಕ್ಕಿ, ಆಲೂಗೆಡ್ಡೆ, ಬಾಳೆಹಣ್ಣು, ಸೇರುವುದಾದರೆ ಮೊಟ್ಟೆ, ಹೀಗೆ ಸ್ವಲ್ಪ ಸ್ವಲ್ಪವೇ ತಿನ್ನಬೇಕು. ಹಾಲನ್ನು ನಾಲ್ಕಾರು ದಿನ ದೂರ ಇಟ್ಟು ನೋಡಿ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಇರುವುದು ವಿಲ್ಲೈಗಳ ತುದಿಯಲ್ಲಿ. ತುದಿ ನೊಂದಾಗ ಹಾಲು ಉಬ್ಬರ ತರುತ್ತದೆ, ಅದನ್ನು ಮತ್ತೆ ಗ್ಲುಟೆನ್ ಸೇರಿತೆಂದು ತಪ್ಪು ತಿಳಿದು ಇನ್ನಷ್ಟು ಹೆದರುವವರಿದ್ದಾರೆ. ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿ. ಒಂದು ದಿನ ರಜೆ ಹಾಕಿ. ನೋವಿನ ಮಾತ್ರೆ, ಭೇದಿ ನಿಲ್ಲಿಸುವ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಕೆಲವು ನೋವಿನ ಮಾತ್ರೆಗಳು ಕೆರಳಿದ ಹೊಟ್ಟೆಯನ್ನು ಮತ್ತಷ್ಟು ಕೆರಳಿಸುತ್ತವೆ.

ನೀವು ಕೇಳಿದ ಮಾತ್ರೆಯ ವಿಷಯ. ಗ್ಲುಟೆನ್ ಅನ್ನು ಹೊಟ್ಟೆಯಲ್ಲೇ ಕರಗಿಸುತ್ತೇವೆ ಎಂದು ಕಿಣ್ವದ ಕ್ಯಾಪ್ಸೂಲುಗಳನ್ನು ಮಾರುತ್ತಾರೆ. ಸೀಲಿಯಾಕ್ ಇರುವವರನ್ನು ಅವು ಕಾಪಾಡುತ್ತವೆ ಎಂಬುದಕ್ಕೆ ಆಧಾರವಿಲ್ಲ. ಹೊಸ ಔಷಧಗಳ ಪ್ರಯೋಗಗಳು ನಡೆಯುತ್ತಿವೆ, ಆ ದಿನಕ್ಕಾಗಿ ನಾನೂ ಕಾಯುತ್ತಿದ್ದೇನೆ. ಸದ್ಯಕ್ಕೆ ಪಥ್ಯವೊಂದೇ ಚಿಕಿತ್ಸೆ. ಕ್ಯಾಪ್ಸೂಲನ್ನು ಚೀಲದಲ್ಲಿ ಇಟ್ಟುಕೊಂಡವರು ಕೇಳುವುದನ್ನು ಬಿಡುತ್ತಾರೆ, ನನ್ನ ಆತಂಕ ಅದು.

ರಕ್ತ ಪರೀಕ್ಷೆ ಈಗ ಬೇಡ. ಆ ಪರೀಕ್ಷೆ ಅಳೆಯುವ ಪ್ರತಿಕಾಯಗಳು (ರೋಗನಿರೋಧಕ ವ್ಯವಸ್ಥೆ ರಕ್ತಕ್ಕೆ ಬಿಡುವ ಪ್ರೋಟೀನುಗಳು) ಇಳಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಒಂದು ಸಲದ ತಪ್ಪು ಸಾಮಾನ್ಯವಾಗಿ ಅದರಲ್ಲಿ ಕಾಣಿಸುವುದಿಲ್ಲ. ವೈದ್ಯರು ಹೇಳಿದ ದಿನಕ್ಕೇ ಮಾಡಿಸಿ, ಜೊತೆಗೆ ಈ ಘಟನೆಯನ್ನು ತಿಳಿಸಿ. ದೊಡ್ಡವರಲ್ಲಿ ವಿಲ್ಲೈ ಪೂರ್ತಿ ಕೂಡಿಕೊಳ್ಳಲು ಎರಡು ವರ್ಷಕ್ಕಿಂತ ಹೆಚ್ಚು ಹಿಡಿಯುವುದೂ ಉಂಟು, ಹಾಗಾಗಿ ವರ್ಷ ತುಂಬಿದ ಮೇಲೆ ಪ್ರತಿಕಾಯಗಳ ಸಂಖ್ಯೆ ಸಂಪೂರ್ಣ ಇಳಿದಿಲ್ಲವೆಂದರೆ ಆ ಸೂಪ್ ಅನ್ನು ದೂರಬೇಡಿ. ಆದರೆ ಮಲದಲ್ಲಿ ರಕ್ತ, ಜೋರು ಜ್ವರ, ಗುಟುಕು ನೀರೂ ನಿಲ್ಲದಂಥ ವಾಂತಿ, ಮೂತ್ರ ತೀರ ಕಡಿಮೆಯಾಗುವುದು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡು ವಾರವಾದರೂ ಭೇದಿ ನಿಲ್ಲದಿದ್ದರೆ, ತೂಕ ಇಳಿಯುತ್ತಿದ್ದರೆ ಆಗಲೂ ತೋರಿಸಿ. ಎಲ್ಲ ಹೊಟ್ಟೆನೋವೂ ಗ್ಲುಟೆನ್‌ನದೇ ಅಲ್ಲ. ನಮಗೂ ಎಲ್ಲರಂತೆ ವೈರಸ್ ತಗಲುತ್ತದೆ, ಕೆಟ್ಟ ಆಹಾರ ಕಾಡುತ್ತದೆ.

ನಿಮ್ಮ ಚಿಕ್ಕಪ್ಪನ ಮಗನ ಮಾತು. ಒಂದೇ ಕಾಯಿಲೆ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಭಾಷೆ ಮಾತನಾಡುತ್ತದೆ. ಒಬ್ಬರಿಗೆ ವಾಂತಿ, ಒಬ್ಬರಿಗೆ ಬಾಯಿಹುಣ್ಣು, ಒಬ್ಬರಿಗೆ ಮೊಣಕೈ ಮೊಣಕಾಲಿನಲ್ಲಿ ತುರಿಸುವ ಗುಳ್ಳೆ, ಒಬ್ಬರಿಗೆ ಬರೀ ಆಯಾಸ. ಏನೂ ಆಗದವರೂ ಬಹಳ ಮಂದಿ ಇದ್ದಾರೆ. ಹೊರಗೆ ಏನೂ ಕಾಣಲಿಲ್ಲ ಎಂದರೆ ಒಳಗೆ ಏನೂ ಆಗಲಿಲ್ಲ ಎಂದಲ್ಲ. ನಿಮ್ಮ ದೇಹ ತಕ್ಷಣ ಕೂಗಿ ಹೇಳಿತು, ಆದ್ದರಿಂದ ಮರುದಿನವೇ ಮೈದಾ ಎಂಬ ಉತ್ತರ ಸಿಕ್ಕಿತು. ಅವನ ದೇಹ ಹೇಳುವುದಿಲ್ಲ. ಅವನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ, ನಿಗದಿತ ತಪಾಸಣೆಗಳನ್ನು ಅವನು ತಪ್ಪಿಸದಂತೆ ನೋಡಿಕೊಳ್ಳಿ.

ಈಗ ಬೇಲಿ ಎಲ್ಲಿ ಮುರಿದಿತ್ತು ನೋಡೋಣ. ನಿಮ್ಮ ಸಹೋದ್ಯೋಗಿ ಸುಳ್ಳು ಹೇಳಲಿಲ್ಲ. ಗೋಧಿಯಿಂದಲೇ ಆದರೂ ಮೈದಾ, ರವೆ ಎಂಬ ಬೇರೆ ಹೆಸರುಗಳಿರುವುದರಿಂದ ಅವು ಬೇರೆ ಧಾನ್ಯಗಳೆಂದೇ ಎಷ್ಟೋ ಜನ ನಂಬಿದ್ದಾರೆ. "ಗೋಧಿ ಇದೆಯೇ?" ಎಂದು ಕೇಳಿದರೆ ಇಲ್ಲ ಎಂಬ ಪ್ರಾಮಾಣಿಕ ಉತ್ತರವೇ ಬರುತ್ತದೆ. ನಾನು ಕೇಳುವುದು ಬೇರೆ ರೀತಿ: "ಇದಕ್ಕೆ ಏನೇನು ಹಾಕಿದ್ದೀರಿ? ಗಟ್ಟಿಯಾಗಲು ಏನು ಬೆರೆಸಿದಿರಿ? ಪೊಟ್ಟಣದ ಪುಡಿ ಯಾವುದಾದರೂ ಇದೆಯೇ, ಪೊಟ್ಟಣ ನೋಡಬಹುದೇ?" ಮೊದಮೊದಲು ಇದನ್ನು ಕೇಳುವಾಗ ನನ್ನ ಗಂಟಲು ಒಣಗುತ್ತಿತ್ತು. ಅಡುಗೆ ಮಾಡಿದವರ ಮೇಲೆ ಅನುಮಾನ ಪಟ್ಟಂತಾಗುತ್ತದೆ ಎಂಬ ಅಳುಕು. ಅಡುಗೆಗೆ ಮುಂಚೆಯೇ, ಒಲೆಯ ಪಕ್ಕ ನಿಂತು, ಸಹಾಯ ಮಾಡುತ್ತ ಕೇಳಿದರೆ ಅದು ಅನುಮಾನವಾಗಿ ಕೇಳಿಸುವುದಿಲ್ಲ ಎಂದು ನಿಧಾನವಾಗಿ ಕಲಿತೆ.

ನನ್ನ ಬೇಲಿ ಮುರಿದದ್ದು ಅಕ್ಕಿ ಹಿಟ್ಟಿನಲ್ಲಿ. ಮೂರು ವಾರ ಬಳಲಿದೆ. ತಿಂದದ್ದನ್ನೆಲ್ಲ ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದೆ, ಎಲ್ಲವೂ ಗೋಧಿಯಿಲ್ಲದ್ದೇ. ಕೊನೆಗೆ ಒಂದು ಬೆಳಿಗ್ಗೆ ಹಿಟ್ಟು ಎಲ್ಲಿ ಬೀಸಿದ್ದು ಎಂಬ ಪ್ರಶ್ನೆ ಹೊಳೆಯಿತು. ಗೋಧಿ ಬೀಸಿದ ಯಂತ್ರದಲ್ಲೇ, ಅದರ ಬೆನ್ನಿಗೇ ಬೀಸಿದ್ದು. ಅಕ್ಕಿಯಲ್ಲಿ ತಪ್ಪಿರಲಿಲ್ಲ, ನನ್ನ ಪಥ್ಯದಲ್ಲೂ ತಪ್ಪಿರಲಿಲ್ಲ. ಅಂದಿನಿಂದ ಬಿಡಿಯಾಗಿ ಮಾರುವ ಯಾವ ಹಿಟ್ಟನ್ನೂ ಕೊಂಡಿಲ್ಲ. ಗ್ಲುಟೆನ್ ಮುಕ್ತ ಎಂದು ಮುದ್ರಿಸಿದ ಪೊಟ್ಟಣಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಮಿತಿ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್. "ಗೋಧಿ ಮುಕ್ತ" ಎಂದು ಮಾತ್ರ ಬರೆದಿದ್ದರೆ ಅದರಲ್ಲಿ ಬಾರ್ಲಿಯೋ ಬಾರ್ಲಿಯ ಮಾಲ್ಟೋ ಇರಬಹುದು. ಓಟ್ಸ್ ಹೊಲದಿಂದ ಕಾರ್ಖಾನೆಯವರೆಗೂ ಗೋಧಿಯ ಜೊತೆಗೇ ಓಡಾಡುವ ಧಾನ್ಯ, ಗ್ಲುಟೆನ್ ಮುಕ್ತ ಎಂದು ಬರೆದಿರದಿದ್ದರೆ ಬೇಡ. ಬರೆದಿದ್ದರೂ ವೈದ್ಯರನ್ನು ಕೇಳಿ ಶುರುಮಾಡಿ.

ಅಡುಗೆಮನೆಯಲ್ಲಿ ಭಯಕ್ಕೂ ಒಂದು ಅಳತೆ ಬೇಕು. 2020ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಗೋಧಿ ಪಾಸ್ತಾ ಬೇಯಿಸಿದ ನೀರಿನಲ್ಲೇ ಗ್ಲುಟೆನ್ ಮುಕ್ತ ಪಾಸ್ತಾವನ್ನು ಬೇಯಿಸಿದಾಗ ಆ 20ರ ಮಿತಿ ದಾಟಿತು. ಒಂದೇ ಟೋಸ್ಟರಿನಲ್ಲಿ ಕಾಯಿಸಿದ ಬ್ರೆಡ್ಡಿನಲ್ಲಿ ದಾಟಲಿಲ್ಲ. ಟೋಸ್ಟರ್ ಹಂಚಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ನನ್ನ ಮನೆಯಲ್ಲಿ ಬೇರೆಯೇ ಇದೆ. ಆದರೆ ಯಾರದೋ ಮನೆಯ ಟೋಸ್ಟರ್ ಕಂಡು ನಿದ್ದೆಗೆಡುವ ಬದಲು ಹಂಚಿಕೊಂಡ ನೀರು, ಹಂಚಿಕೊಂಡ ಕರಿಯುವ ಎಣ್ಣೆ, ಹಿಟ್ಟು ಹಾರಾಡುವ ಜಾಗ, ಇವುಗಳ ಕಡೆ ಗಮನ ಇಡಿ. ಕುದಿಸುವುದರಿಂದ, ಕರಿಯುವುದರಿಂದ ಗ್ಲುಟೆನ್ ಇಲ್ಲವಾಗುವುದಿಲ್ಲ. ಸೋಪು ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದರೆ ಪಾತ್ರೆಯಿಂದ ಹೋಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಿಂದ ಹೋಗುವುದಿಲ್ಲ. ಚರ್ಮಕ್ಕೆ ತಾಗಿದ ಹಿಟ್ಟು ಕರುಳಿಗೆ ಹೋಗದು, ಬಾಯಿಗೆ ಹೋಗದಂತೆ ಕೈ ತೊಳೆದರೆ ಸಾಕು.

ಕೊನೆಯದಾಗಿ ಆ ಖಾಲಿ ತರಗತಿ. ತಂಗಿ, ದಯವಿಟ್ಟು ನಾಳೆಯೇ ಅಲ್ಲಿಂದ ಎದ್ದು ಬನ್ನಿ. ನಿಮ್ಮ ಡಬ್ಬಿಯ ಊಟವನ್ನು ಎಲ್ಲರ ನಡುವೆ ಕೂತು ಉಂಡರೆ ಗ್ಲುಟೆನ್ ಹಾರಿ ಬರುವುದಿಲ್ಲ. ಡಬ್ಬಿಯ ಮುಚ್ಚಳವನ್ನೇ ತಟ್ಟೆಯಾಗಿಸಿಕೊಳ್ಳಿ, ನಿಮ್ಮದೇ ಚಮಚ ಇರಲಿ. ಅತಿಯಾದ ಕಟ್ಟೆಚ್ಚರದಲ್ಲಿ ಬದುಕುವವರ ಬಾಳಿನ ನೆಮ್ಮದಿ ಕುಗ್ಗುತ್ತದೆ ಎಂದು ಸೀಲಿಯಾಕ್ ರೋಗಿಗಳನ್ನೇ ಕೇಳಿ ತಿಳಿದ ಅಧ್ಯಯನಗಳಿವೆ, ನಾನೂ ಎರಡು ವರ್ಷ ಹಾಗೆ ಬದುಕಿದವಳು. ಆ ಸಹೋದ್ಯೋಗಿಯನ್ನು ನಿಮ್ಮ ಮನೆಗೆ ಕರೆಯಿರಿ. ಸೂಪನ್ನೇ ಮಾಡಿ, ಮೆಕ್ಕೆಜೋಳದ ಪಿಷ್ಟದಿಂದ ಗಟ್ಟಿ ಮಾಡುವುದನ್ನು ಅವರಿಗೆ ತೋರಿಸಿ. ನಿಮಗಾಗಿ ಬೇರೆ ಅಡುಗೆ ಮಾಡುವಷ್ಟು ಪ್ರೀತಿ ಇರುವವರು. ಅವರಿಗೆ ಈಗ ನಿಮಗಿಂತ ಹೆಚ್ಚು ನೋವಾಗಿರುತ್ತದೆ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ಒಂದು ವರ್ಷದಿಂದ ಸೀಲಿಯಾಕ್ ಪಥ್ಯ. ಮೊನ್ನೆ ಗೆಳೆಯ ಕೊಟ್ಟ ಬಿಸ್ಕತ್ತು ತಿಂದು ಬಂದು ಸಂಜೆ ತಾನಾಗಿಯೇ ಹೇಳಿದ. ಸಿಟ್ಟಿನಲ್ಲಿ ಹೊಡೆದುಬಿಟ್ಟೆ. ಅವನಿಗೆ ಬುದ್ಧಿ ಕಲಿಸುವುದು ಹೇಗೆ, ಮೇಡಂ?

ಉತ್ತರ: ಬುದ್ಧಿ ಅವನಲ್ಲಿ ಆಗಲೇ ಇದೆ, ತಾನಾಗಿಯೇ ಬಂದು ಹೇಳಿದ್ದಾನೆ. ಹೊಡೆತ ತಿಂದ ಮಗು ಮುಂದಿನ ಸಲ ಬಿಸ್ಕತ್ತನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತದೆ. ಅವನು ಹೇಳದೆ ಹೋದರೆ ನಿಮಗಾಗಲಿ ವೈದ್ಯರಿಗಾಗಲಿ ಅವನ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಕಷ್ಟವಾಗುತ್ತದೆ. ಇಂದೇ ಅವನ ಪಕ್ಕ ಕೂತು, "ಹೊಡೆದದ್ದು ನನ್ನ ತಪ್ಪು, ನೀನು ಹೇಳಿದ್ದು ಒಳ್ಳೆಯದಾಯಿತು" ಎಂದು ಹೇಳಿ. ಹೆತ್ತವರು ತಪ್ಪೊಪ್ಪಿಕೊಂಡರೆ ಮಗು ಅದನ್ನು ಮರೆಯುವುದಿಲ್ಲ.

ಅವನ ಚೀಲದಲ್ಲಿ ಅವನಿಗಿಷ್ಟವಾದ, ಗೆಳೆಯನಿಗೂ ಕೊಡಬಹುದಾದ ತಿಂಡಿ ಎರಡು ಪಾಲು ಇರಲಿ. ಕೊಡುವ ಕೈ ಇದ್ದರೆ ಬೇಡ ಎನ್ನುವುದು ಸುಲಭ. ಒಂದು ವಾಕ್ಯವನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ: "ಇದನ್ನು ತಿಂದರೆ ನನಗೆ ಹುಷಾರಿಲ್ಲದಂತಾಗುತ್ತದೆ, ನಾನು ನನ್ನದನ್ನೇ ತಿನ್ನುತ್ತೇನೆ." ಶಿಕ್ಷಕಿಗೆ ಒಂದು ಚೀಟಿ ಬರೆದು ಕೊಡಿ, ಹುಟ್ಟುಹಬ್ಬದ ಕೇಕ್ ಬರುವ ದಿನ ಹಿಂದಿನ ಸಂಜೆಯೇ ತಿಳಿಸುವಂತೆ ಕೇಳಿಕೊಳ್ಳಿ. ಬಣ್ಣದ ಆಟದ ಹಿಟ್ಟನ್ನು ಗೋಧಿಯಿಂದ ಮಾಡುವುದುಂಟು, ಅದರಲ್ಲಿ ಆಡಿದ ಮೇಲೆ ಕೈ ತೊಳೆಯಬೇಕೆಂದೂ ಆ ಚೀಟಿಯಲ್ಲಿರಲಿ. ಮಕ್ಕಳ ಕರುಳು ನಮ್ಮದಕ್ಕಿಂತ ಬೇಗ ಕೂಡಿಕೊಳ್ಳುತ್ತದೆ. ಒಂದು ಬಿಸ್ಕತ್ತಿನಿಂದ ಅವನ ಬೆಳವಣಿಗೆ ನಿಲ್ಲುವುದಿಲ್ಲ.

ಪ್ರಶ್ನೆ: ಎರಡು ಸಲ ಗೊತ್ತಿಲ್ಲದೆ ಗೋಧಿ ತಿಂದೆ, ಏನೂ ಆಗಲಿಲ್ಲ. ಹಾಗಾದರೆ ತಿಂಗಳಿಗೊಮ್ಮೆ ಬೇಕೆಂದೇ ತಿನ್ನಬಹುದೇ?

ಉತ್ತರ: ಬೇಡ, ಅಣ್ಣ. ತಿಳಿಯದೆ ಆದದ್ದಕ್ಕೆ ನಾನು ಮೇಲೆ ಬರೆದ ಸಮಾಧಾನ ಪೂರ್ತಿ ನಿಮಗೂ ಸಲ್ಲುತ್ತದೆ, ಬೇಕೆಂದು ತಿನ್ನುವುದಕ್ಕೆ ಸಲ್ಲುವುದಿಲ್ಲ. ನಿಮ್ಮ ಕರುಳು ನೋವಿನಿಂದ ಎಚ್ಚರಿಸುವ ಜಾತಿಯದಲ್ಲ ಎಂದಷ್ಟೇ ಆ ಎರಡು ಸಲದಿಂದ ತಿಳಿಯಿತು. ತಿಂಗಳಿಗೊಮ್ಮೆ ಎಂದು ಶುರುವಾದದ್ದು ಹದಿನೈದು ದಿನಕ್ಕೊಮ್ಮೆ ಆಗುವುದನ್ನು ನಾನು ಹಲವು ಸಲ ನೋಡಿದ್ದೇನೆ. ರಕ್ತಹೀನತೆ, ಮೂಳೆ ಸವೆತ ಇವೆಲ್ಲ ಸದ್ದಿಲ್ಲದೆಯೇ ಬರುತ್ತವೆ. ಕೊನೆಯ ಬಾರಿ ಪ್ರತಿಕಾಯ ಪರೀಕ್ಷೆ, ಕಬ್ಬಿಣಾಂಶ, ವಿಟಮಿನ್ ಡಿ ನೋಡಿಸಿ ಎಷ್ಟು ದಿನವಾಯಿತು? ವರ್ಷ ದಾಟಿದ್ದರೆ ಈ ವಾರವೇ ವೈದ್ಯರ ಬಳಿ ಹೋಗಿ, ಮೂಳೆಯ ಸಾಂದ್ರತೆಯ ಪರೀಕ್ಷೆ ಬೇಕೇ ಎಂದೂ ಕೇಳಿ. ಆ ಎರಡು ಸಲದ ವಿಷಯವನ್ನು ಅವರಿಂದ ಮುಚ್ಚಿಡಬೇಡಿ.